ಏಜೆಂಟರೆಲ್ಲ ಸೇರಿ ಆ ಸ್ಕ್ರೀನ್ ಬೇಡ ಅಂತ ವೋಟು ಹಾಕಿದ್ದಾರೆ. ತೆಗೆದುಬಿಡಬೇಕಾ?

ಕಲ್ಸಂಕ_ಕೋಡು · ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಉಂಟು, ನಿಮ್ಮ ಸಲಹೆ ಬೇಕು.

ಉಡುಪಿ ಕಡೆಯ ಒಂದು ಸಣ್ಣ ಸಹಕಾರಿ ಸೊಸೈಟಿಗೆ ನಾನು ಪಿಗ್ಮಿ (ದಿನಾ ಸಣ್ಣ ಮೊತ್ತ ಕಟ್ಟುವ ಉಳಿತಾಯ) ಕಲೆಕ್ಷನ್ ಆ್ಯಪ್ ಮಾಡಿಕೊಟ್ಟಿದ್ದೇನೆ. ನಾನು, ಜೊತೆಗೆ ಮಣಿಪಾಲದಲ್ಲಿ ಓದುವ ಒಬ್ಬ ಹುಡುಗ, ಇಷ್ಟೇ ನಮ್ಮ ಟೀಮು. ಸೊಸೈಟಿಯ ಹೆಸರು ಬೇಡ.

ಏಜೆಂಟರು ಅಂಗಡಿ, ಮನೆ ಅಂತ ತಿರುಗಿ ದುಡ್ಡು ತಗೊಂಡು ಫೋನಿನಲ್ಲಿ ಮೊತ್ತ ಒತ್ತುತ್ತಾರೆ. ಸೇವ್ ಒತ್ತಿದ ಮೇಲೆ ಎರಡನೇ ಸ್ಕ್ರೀನ್ ಬರುತ್ತದೆ. ಅದರಲ್ಲಿ ಗ್ರಾಹಕರ ಹೆಸರು, ಖಾತೆ ನಂಬರ್, ಮೊತ್ತ ಇರುತ್ತದೆ. ಕೆಳಗೆ 'ಸರಿ ಇದೆ' ಅಂತ ಬಟನ್. ಅದನ್ನು ಒತ್ತಿದರೆ ಮಾತ್ರ ಎಂಟ್ರಿ ಆಗುತ್ತದೆ. 100 ಇರಬೇಕಾದಲ್ಲಿ 1000 ಬಿದ್ದರೆ ಸಂಜೆ ಕ್ಯಾಶ್ ಲೆಕ್ಕ ಸೇರುವುದಿಲ್ಲ, ಕೊನೆಗೆ ಏಜೆಂಟರ ಕೈಯಿಂದಲೇ ಹೋಗುತ್ತದೆ. ಅದಕ್ಕೇ ನಾನು ಅದನ್ನು ಇಟ್ಟದ್ದು.

ಕಳೆದ ವಾರ ಮ್ಯಾನೇಜರ್ ಏಜೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದರು. 'ಎರಡನೇ ಸ್ಕ್ರೀನ್ ಬೇಕಾ, ಬೇಡವಾ?' 23 ಜನರಲ್ಲಿ 19 ಜನ ಬೇಡ ಅಂದರು, 4 ಜನ ಬೇಕು ಅಂದರು. ಇವತ್ತು ನನಗೆ ಫೋನು ಬಂತು. "ಬಹುಮತ ಬಂದಿದೆ, ಶುಕ್ರವಾರದ ಒಳಗೆ ತೆಗೆದು ಕೊಡಿ."

ನನಗೆ ಮನಸ್ಸು ಒಪ್ಪುತ್ತಿಲ್ಲ. ದಿನಾ ಬಳಸುವವರು ಅವರು, ಅದು ಸರಿ. ಆದರೆ ತಪ್ಪು ಎಂಟ್ರಿ ಬಿದ್ದರೆ ಮೊದಲು ನನ್ನ ಆ್ಯಪಿಗೇ ಬೈಗುಳ. ಜನ ಕೇಳಿದ್ದನ್ನು ಹಾಗೆಯೇ ಮಾಡಿಕೊಡುವುದಾದರೆ ಡಿಸೈನ್ ಮಾಡುವವನು ಯಾಕೆ ಬೇಕು? ನೀವು ನನ್ನ ಜಾಗದಲ್ಲಿದ್ದರೆ ಎಂತ ಮಾಡುತ್ತಿದ್ದಿರಿ?

ಗೋಳಿಬಜೆ · ಸೋಮವಾರ ರಾತ್ರಿ 9.52

ತೆಗೆಯಿರಿ ಮಾರಾಯ್ರೆ. ಬಿಸಿಲಲ್ಲಿ ತಿರುಗುವವರು ಅವರು. ನೀವು ಫ್ಯಾನಿನ ಕೆಳಗೆ ಕೂತು ಬೇಡ ಅನ್ನುವುದು ಸರಿಯಲ್ಲ.

ಹಂಪನಕಟ್ಟೆ_ಹಳಬ · ಸೋಮವಾರ ರಾತ್ರಿ 10.05

ನಾನೂ ಗೋಳಿಬಜೆಯವರ ಪಕ್ಷ. ಜನರ ಮಾತು ಕೇಳದೆ ಮಾಡಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. 2012ರಲ್ಲಿ ವಿಂಡೋಸ್ 8 ಬಂದಾಗ ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅದರಲ್ಲಿ ಸ್ಟಾರ್ಟ್ ಬಟನ್ನನ್ನೇ ತೆಗೆದುಬಿಟ್ಟಿದ್ದರು. ಹೊಸ ಲ್ಯಾಪ್‌ಟಾಪ್ ತಗೊಂಡವರು ವಾರದೊಳಗೆ ಹೊತ್ತುಕೊಂಡು ಬರುತ್ತಿದ್ದರು. ಕಂಪ್ಯೂಟರ್ ಹಾಳಾಗಿರಲಿಲ್ಲ. ಆಫ್ ಮಾಡುವುದು ಹೇಗೆ ಅಂತ ಗೊತ್ತಾಗದೆ ಬಂದದ್ದು! ಮೌಸನ್ನು ಬಲಗಡೆ ಮೂಲೆಗೆ ಒಯ್ಯಬೇಕು, ಅಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್. ನಿವೃತ್ತ ಮೇಷ್ಟ್ರೊಬ್ಬರಿಗೆ ನಾನು ಇದನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಅವರು ಅದನ್ನು ಲ್ಯಾಪ್‌ಟಾಪಿಗೇ ಅಂಟಿಸಿಕೊಂಡಿದ್ದರು.

2013ರಲ್ಲಿ 8.1ರಲ್ಲಿ ಬಟನ್ ವಾಪಸ್ ಬಂತು. 2015ರಲ್ಲಿ ವಿಂಡೋಸ್ 10ರಲ್ಲಿ ಮೆನು ಕೂಡ ವಾಪಸ್. ಅಷ್ಟು ದೊಡ್ಡ ಕಂಪನಿಯೇ ಜನರ ಮಾತಿಗೆ ತಲೆಬಾಗಬೇಕಾಯಿತು.

ಬಂದರು_ಬೀದಿ · ಸೋಮವಾರ ರಾತ್ರಿ 10.21

ಹಳಬರೇ, ಒಂದು ಉದಾಹರಣೆ ಹಿಡಿದು ತೀರ್ಮಾನ ಮಾಡಬೇಡಿ. 2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಾಗ ಲಕ್ಷಗಟ್ಟಲೆ ಜನ ಬೇಡ ಬೇಡ ಅಂತ ಗುಂಪು ಕಟ್ಟಿದರು. ಅವರು ತೆಗೆಯಲಿಲ್ಲ. ಇವತ್ತು ಫೀಡ್ ಇಲ್ಲದ ಫೇಸ್‌ಬುಕ್ ಯಾರಿಗಾದರೂ ನೆನಪುಂಟಾ? ಆವತ್ತು ಪೋಲ್ ಹಾಕಿದ್ದರೆ ಆ ಫೀಚರ್ ಅಲ್ಲಿಗೇ ಮುಗಿಯುತ್ತಿತ್ತು.

ಜನರಿಗೆ ಹೊಸದು ಯಾವುದೂ ಮೊದಲ ದಿನ ಇಷ್ಟವಾಗುವುದಿಲ್ಲ. ಕೋಡು, ನೀವು ಗಟ್ಟಿ ನಿಲ್ಲಿ.

ಗೋಳಿಬಜೆ · ಸೋಮವಾರ ರಾತ್ರಿ 10.30

ಅಣ್ಣ, ಕೋಡು ಅವರದ್ದು ಹೊಸ ಫೀಚರ್ ಅಲ್ಲವಲ್ಲ. ದಿನಾ ಒತ್ತಿ ಒತ್ತಿ ಸಾಕಾಗಿ ಬೇಡ ಅಂದದ್ದು.

ಪೆಂಗ್ವಿನ್_ಕುಡ್ಲ · ಸೋಮವಾರ ರಾತ್ರಿ 10.48

ಫೇಸ್‌ಬುಕ್ ಕತೆಯಲ್ಲಿ ಅರ್ಧ ಬಿಟ್ಟಿರಿ. ಜನ ಸಿಟ್ಟಾದದ್ದು ತಮ್ಮ ಪ್ರತಿಯೊಂದು ಸಣ್ಣ ಬದಲಾವಣೆಯೂ ಕೇಳದೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು ಅಂತ. ಕಂಪನಿ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ, ಯಾವುದು ಕಾಣಬೇಕು ಯಾವುದು ಬೇಡ ಅಂತ ಆರಿಸುವ ವ್ಯವಸ್ಥೆ ಕೊಟ್ಟಿತು. ಅಂದರೆ ಜನರ ದೂರು ನಿಜ. ಅವರು ಹೇಳಿದ ಮದ್ದು ಮಾತ್ರ ಸರಿ ಇರಲಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಹೊಟ್ಟೆನೋವು ಅಂತ ಬಂದವನ ಮಾತನ್ನು ಡಾಕ್ಟರು ನಂಬಲೇಬೇಕು. ಹಾಗಂತ ಮಾತ್ರೆ ಯಾವುದು ಅಂತ ಅವನ ಹತ್ತಿರ ಕೇಳಿ ಬರೆಯುವುದಿಲ್ಲ.

ಕೋಡು, 19 ಜನಕ್ಕೆ ಏನೋ ತೊಂದರೆ ಉಂಟು. ಅದು ಎಂತ ಅಂತ ಯಾರಾದರೂ ಕೇಳಿದ್ದಾರಾ?

ಕಲ್ಸಂಕ_ಕೋಡು · ಸೋಮವಾರ ರಾತ್ರಿ 10.55

ಇಲ್ಲ. ಪೋಲ್ ಮಾತ್ರ. ಬೇಕು, ಬೇಡ, ಎರಡೇ ಆಯ್ಕೆ.

ಬಂದರು_ಬೀದಿ · ಸೋಮವಾರ ರಾತ್ರಿ 11.02

ಹೆನ್ರಿ ಫೋರ್ಡ್ ಹೇಳಿದ್ದು ನೆನಪಿಲ್ಲವಾ? ಜನರನ್ನು ಕೇಳಿದ್ದರೆ ಇನ್ನೂ ಜೋರಾಗಿ ಓಡುವ ಕುದುರೆ ಬೇಕು ಅನ್ನುತ್ತಿದ್ದರು ಅಂತ.

ಕೀಲಿಮಣೆ · ಸೋಮವಾರ ರಾತ್ರಿ 11.10

ಅದನ್ನು ಫೋರ್ಡ್ ಹೇಳಿದ್ದಕ್ಕೆ ದಾಖಲೆಯೇ ಇಲ್ಲ ಸ್ವಾಮಿ. ಅವರು ತೀರಿಹೋಗಿ ಎಷ್ಟೋ ಕಾಲದ ಮೇಲೆ ಅವರ ಹೆಸರಿಗೆ ಅಂಟಿದ ಮಾತು ಅದು.

ನಮ್ಮ ಊರಿನದ್ದೇ ಒಳ್ಳೆಯ ಉದಾಹರಣೆ ಇರುವಾಗ ಫೋರ್ಡ್ ಯಾಕೆ? ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ರೂಪಗಳು ಸಾವಿರ ದಾಟುತ್ತವೆ. ಟೈಪ್‌ರೈಟರ್ ಕಾಲದಲ್ಲಿ ಅಕ್ಷರದ ಆಕಾರವನ್ನು ತುಂಡು ತುಂಡು ಮಾಡಿ ಕೀಲಿಗಳಿಗೆ ಹಂಚಿದ್ದರು. ಅದನ್ನು ಕಲಿಯಲು ತಿಂಗಳುಗಟ್ಟಲೆ ಬೇಕು. ರಾವ್ ಅವರು ಆಕಾರ ಬಿಟ್ಟು ಉಚ್ಚಾರ ಹಿಡಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸಿದ್ದು, ಇದೇ ಬೇರಿನದ್ದು.

ಟೈಪ್‌ರೈಟರ್ ಕಲಿತವರನ್ನು ವೋಟಿಗೆ ಕೂರಿಸಿದ್ದರೆ ಅವರು ಕಲಿತದ್ದನ್ನೇ ಕೇಳುತ್ತಿದ್ದರು. ಅದು ಅವರ ತಪ್ಪಲ್ಲ, ಕೈ ಕಲಿತದ್ದು ಅದನ್ನೇ. ಭಾಷೆಯ ಒಳಗಿನ ಕಟ್ಟು ಗೊತ್ತಿರುವ ಒಬ್ಬರು ಕೂತು ಯೋಚನೆ ಮಾಡಿದ್ದರಿಂದ ಅದು ಹುಟ್ಟಿತು.

ಸುರತ್ಕಲ್_ಸಂಜೆ · ಸೋಮವಾರ ರಾತ್ರಿ 11.31

ಕೀಲಿಮಣೆಯವರೇ, ಗೌರವ ಇಟ್ಟುಕೊಂಡೇ ಒಂದು ಮಾತು. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ಇದು ಯಾವ ಉಚ್ಚಾರ? ನಾನು ಕಲಿಯುವಾಗ ಇಲ್ಲೇ ಪದೇ ಪದೇ ತಪ್ಪುತ್ತಿದ್ದೆ. 1998ರಲ್ಲಿ ಬರಹ ತಂತ್ರಾಂಶ ಬಂದ ಮೇಲೆ ಎಷ್ಟು ಜನ ಅದಕ್ಕೆ ಹೋದರು ನೋಡಿ. ಇಂಗ್ಲಿಷ್ ಸ್ಪೆಲಿಂಗ್ ತರಹ ಹೊಡೆದರೆ ಕನ್ನಡ ಬರುತ್ತಿತ್ತು. ಇವತ್ತು ಫೋನಿನಲ್ಲೂ ಹೆಚ್ಚಿನವರು ಮಾಡುವುದು ಅದನ್ನೇ. ನನ್ನ ಅಕ್ಕನ ಮಗಳಿಗೆ ನುಡಿ ಕೀಲಿಮಣೆ ತೋರಿಸಿದರೆ "ಇದು ಯಾಕೆ ಮಾಮ, ಹಾಗೆಯೇ ಬರುತ್ತದಲ್ಲ" ಅಂದಳು. ಇದೂ ಜನಾಭಿಪ್ರಾಯವೇ ಅಲ್ವಾ?

ಕೀಲಿಮಣೆ · ಸೋಮವಾರ ರಾತ್ರಿ 11.44

ಹೌದು, ಒಪ್ಪುತ್ತೇನೆ. ದಿನಕ್ಕೆ ನಾಲ್ಕು ಮೆಸೇಜ್ ಹಾಕುವವರಿಗೆ ಅದೇ ಸುಲಭ. ಆದರೆ ನಾನು ಡಿ.ಟಿ.ಪಿ. ಮಾಡುವವನು, ದಿನಕ್ಕೆ 30 ಪುಟ ಹೊಡೆಯುತ್ತೇನೆ. ನನಗೆ ಒಂದೊಂದು ಕೀಲಿ ಒತ್ತೂ ಲೆಕ್ಕ. ಸಿಟಿ ಬಸ್ಸಿನಲ್ಲಿ ನಿಂತು ಹೊಡೆಯುವವರು ಸಾವಿರ ಜನ, ನನ್ನಂಥವರು ಹತ್ತು ಜನ. ವೋಟು ಹಾಕಿಸಿದರೆ ನಾನು ಸೋಲುತ್ತೇನೆ. ಹಾಗಂತ ನನ್ನ ಕೆಲಸ ನಿಲ್ಲುವುದಿಲ್ಲವಲ್ಲ. ಎರಡೂ ಇರಲಿ ಅನ್ನುವುದೇ ಇಲ್ಲಿ ಸರಿಯಾದ ಡಿಸೈನ್.

ಪೆಂಗ್ವಿನ್_ಕುಡ್ಲ · ಮಂಗಳವಾರ ಬೆಳಿಗ್ಗೆ 7.15

ವೋಟಿನ ಮಾತು ಬಂತಲ್ಲ, ಅದರಲ್ಲೂ ಒಳ್ಳೆಯ ವೋಟು, ಕೆಟ್ಟ ವೋಟು ಉಂಟು.

ಡೆಬಿಯನ್ ಅಂತ ಸ್ವಯಂಸೇವಕರು ಸೇರಿ ಮಾಡುವ ಲಿನಕ್ಸ್ ಉಂಟು. ಅವರು ದೊಡ್ಡ ವಿಷಯಕ್ಕೆ ನಿಜವಾಗಿಯೂ ವೋಟು ಹಾಕುತ್ತಾರೆ. ಕಂಪ್ಯೂಟರ್ ಶುರುವಾಗುವಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಂ-ಡಿ ಬೇಕಾ ಬೇಡವಾ ಅನ್ನುವ ಗಲಾಟೆಯಲ್ಲಿ 2014ರಲ್ಲಿ ಹಾಕಿದ್ದರು, 2019ರಲ್ಲಿ ಮತ್ತೆ ಹಾಕಿದರು. ಆದರೆ ಅಲ್ಲಿ ಒಂದಕ್ಕೆ ಟಿಕ್ ಹಾಕಿ ಬರುವುದಲ್ಲ. ಇರುವ ಆಯ್ಕೆಗಳನ್ನೆಲ್ಲ ಮೊದಲು ಯಾವುದು, ಆಮೇಲೆ ಯಾವುದು ಅಂತ ಜೋಡಿಸಬೇಕು. 'ಇದು ಯಾವುದೂ ಬೇಡ' ಅನ್ನುವ ಆಯ್ಕೆಯೂ ಇರುತ್ತದೆ. ಅದಕ್ಕೂ ಮೊದಲು ವಾರಗಟ್ಟಲೆ ಚರ್ಚೆ. ವೋಟು ಹಾಕುವವರು ಕೆಲಸ ಮಾಡುವ ಡೆವಲಪರ್‌ಗಳೇ.

ಇಂಟರ್ನೆಟ್ಟಿನ ನಿಯಮ ಬರೆಯುವ ಐ.ಇ.ಟಿ.ಎಫ್.ನವರು ಇನ್ನೂ ಬೇರೆ. ಅವರಲ್ಲಿ ವೋಟೇ ಇಲ್ಲ. ಸಭೆಯಲ್ಲಿ ಬಾಯಿ ಮುಚ್ಚಿ 'ಹ್ಮ್' ಅಂತ ಗುನುಗುತ್ತಾರೆ! ಒಪ್ಪಿಗೆ ಎಷ್ಟು, ವಿರೋಧ ಎಷ್ಟು ಅಂತ ಶಬ್ದದಲ್ಲೇ ಅಂದಾಜು. ತೀರ್ಮಾನ ಅದರಿಂದಲೇ ಆಗುವುದಿಲ್ಲ, ವಿರೋಧ ಮಾಡಿದವರ ಕಾರಣಕ್ಕೆ ಉತ್ತರ ಸಿಕ್ಕಿದೆಯಾ ಅಂತ ನೋಡುತ್ತಾರೆ. 2014ರಲ್ಲಿ ಬಂದ ಅವರ ಆರ್.ಎಫ್.ಸಿ. 7282 ಅನ್ನುವ ದಾಖಲೆಯಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಐದು ಜನ ಪರ, ನೂರು ಜನ ವಿರುದ್ಧ ಇದ್ದರೂ ಕೆಲವೊಮ್ಮೆ ಅದನ್ನು ಒಮ್ಮತ ಅನ್ನಬಹುದು ಅಂತ ಅದರಲ್ಲಿ ಉಂಟು. ಆ ನೂರು ಜನ ಕೊಟ್ಟ ಕಾರಣಗಳಿಗೆಲ್ಲ ಉತ್ತರ ಸಿಕ್ಕಿ ಆಗಿದ್ದರೆ ಮಾತ್ರ.

ಕೋಡು, ನಿಮ್ಮ 19ಕ್ಕೂ ಕಾರಣ ಗೊತ್ತಿಲ್ಲ, 4ಕ್ಕೂ ಗೊತ್ತಿಲ್ಲ. ನಿಮ್ಮ ಹತ್ತಿರ ಇರುವುದು ಬರೀ ಎರಡು ಅಂಕಿ.

ತೆಂಕಪೇಟೆ_ಲೆಡ್ಜರ್ · ಮಂಗಳವಾರ ಬೆಳಿಗ್ಗೆ 8.40

ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದು ನಿವೃತ್ತನಾದವನು. ಪಿಗ್ಮಿ ಅಂದ ಕೂಡಲೇ ಬರೆಯದೆ ಇರಲು ಆಗಲಿಲ್ಲ.

ಇದು ನಮ್ಮ ಉಡುಪಿಯಲ್ಲೇ ಹುಟ್ಟಿದ ಯೋಜನೆ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇಲ್ಲಿ ಶುರುವಾಯಿತು, ಪಿಗ್ಮಿ 1928ರಲ್ಲಿ. ದಿನಕ್ಕೆ ಎರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಬಾಗಿಲಿಗೆ ಬ್ಯಾಂಕೇ ಹೋಯಿತು. ನೇಕಾರರು, ಸಣ್ಣ ಅಂಗಡಿಯವರು ಅವರ ಗ್ರಾಹಕರು. ಅವರಲ್ಲಿ ಯಾರೂ ಇಂಥದ್ದೊಂದು ಮಾಡಿ ಅಂತ ಅರ್ಜಿ ಕೊಟ್ಟಿರಲಿಲ್ಲ. ಅವರ ಬದುಕು ನೋಡಿದವರಿಗೆ ಹೊಳೆಯಿತು. ಕೈಗೆ ದುಡ್ಡು ದಿನಾ ಬರುತ್ತದೆ, ದಿನಾ ಖರ್ಚಾಗುತ್ತದೆ, ತಿಂಗಳ ಕೊನೆಗೆ ಉಳಿಯುವುದು ಏನೂ ಇಲ್ಲ. ಹಾಗಾಗಿ ದಿನಾ ತಗೊಳ್ಳಬೇಕು.

ಇನ್ನೊಂದು ವಿಷಯ. ಆ್ಯಪ್ ಬರುವ ಮೊದಲು ಏಜೆಂಟರು ಗ್ರಾಹಕರ ಎದುರೇ ಕಾರ್ಡಿನಲ್ಲಿ ಮೊತ್ತ ಬರೆದು ಸಹಿ ಹಾಕುತ್ತಿದ್ದರು. ಗ್ರಾಹಕರು ಕಾರ್ಡ್ ನೋಡಿ ವಾಪಸ್ ತಗೊಳ್ಳುತ್ತಿದ್ದರು. ಪರೀಕ್ಷೆ ಮಾಡುತ್ತಿದ್ದದ್ದು ದುಡ್ಡು ಕೊಟ್ಟವರು! ನಿಮ್ಮ ಎರಡನೇ ಸ್ಕ್ರೀನ್ ಯಾರಿಗೆ ಕಾಣುತ್ತದೆ? ಏಜೆಂಟರಿಗೆ ಮಾತ್ರ. ಪೋಲ್ ಯಾರಿಗೆ ಹಾಕಿದ್ದು? ಅವರಿಗೇ. ದುಡ್ಡು ಯಾರದ್ದು?

ಮಲ್ಪೆ_ಮಂಜುಗಡ್ಡೆ · ಮಂಗಳವಾರ ಬೆಳಿಗ್ಗೆ 9.05

ಲೆಡ್ಜರ್ ಮಾಮ್ ಸರಿಯಾಗಿ ಹೇಳಿದರು. ನಾನು 11 ವರ್ಷದಿಂದ ಪಿಗ್ಮಿ ಕಟ್ಟುವವನು. ನನ್ನನ್ನು ಇವತ್ತಿನ ತನಕ ಯಾರೂ ಏನೂ ಕೇಳಿಲ್ಲ.

ಈ ಊರಿನವರಿಗೆ ಗೊತ್ತಿರುವ ಒಂದು ಸಂಗತಿ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯುವಂತಿಲ್ಲ. ಬಂದರಿನಲ್ಲಿ ಮೀನು ಇಲ್ಲ, ನನ್ನ ಮಂಜುಗಡ್ಡೆಗೆ ಗಿರಾಕಿ ಇಲ್ಲ. ಆ ಎರಡು ತಿಂಗಳು ಬಂದರಿನವರು ಪಿಗ್ಮಿ ಕಟ್ಟುವುದು ಕಮ್ಮಿ, ಕೆಲವರು ಕಟ್ಟುವುದೇ ಇಲ್ಲ. ನಮ್ಮ ಏಜೆಂಟರ ಫೋನಿನ ಆ್ಯಪಿನಲ್ಲಿ ನನ್ನ ಹೆಸರು ಕೆಂಪು ಬಣ್ಣಕ್ಕೆ ತಿರುಗುತ್ತದೆ, ಬಾಕಿ ಅಂತ. ಸಾಲ ತಗೊಂಡು ಕೊಡದವನ ಹಾಗೆ. ಇದು ನನ್ನದೇ ದುಡ್ಡು ಮಾರಾಯ್ರೆ! ಏಜೆಂಟರಿಗೆ ಪೋಲ್ ಹಾಕಿದರೆ ಈ ವಿಷಯ ಯಾವತ್ತೂ ಮೇಲೆ ಬರುವುದಿಲ್ಲ. ಅವರಿಗೆ ಕೆಂಪು ಇದ್ದರೆ ಅನುಕೂಲವೇ.

ಕಿವಿಯೇ_ಕಣ್ಣು · ಮಂಗಳವಾರ ಬೆಳಿಗ್ಗೆ 10.12

ಕೇಳದೇ ಬಿಟ್ಟವರ ಲೆಕ್ಕಕ್ಕೆ ನನ್ನನ್ನೂ ಸೇರಿಸಿ. ನನಗೆ ಕಣ್ಣು ಕಾಣುವುದಿಲ್ಲ, ಫೋನಿನಲ್ಲಿ ಸ್ಕ್ರೀನನ್ನು ಗಟ್ಟಿಯಾಗಿ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಕೆಲಸ ಮಾಡುತ್ತೇನೆ. ಇದನ್ನೂ ಹಾಗೆಯೇ ಓದುತ್ತಾ ಬರೆಯುತ್ತಿದ್ದೇನೆ.

ನಾನು ದಿನಾ ಬಳಸುವ ಒಂದು ಆ್ಯಪ್ ಕಳೆದ ವರ್ಷ ಹೊಸ ರೂಪಕ್ಕೆ ಬಂತು. ಎಲ್ಲರೂ ಚಂದ ಉಂಟು ಅಂತ ಐದು ಸ್ಟಾರ್ ಕೊಟ್ಟರು. ನನಗೆ ಕೇಳಿಸಿದ್ದು 'ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್' ಅಂತ. ಪದ ತೆಗೆದು ಚಿತ್ರ ಹಾಕಿದ್ದರು, ಚಿತ್ರಕ್ಕೆ ಹೆಸರು ಬರೆಯಲು ಮರೆತಿದ್ದರು. ಆವತ್ತು ಕರೆಂಟ್ ಬಿಲ್ ಕಟ್ಟಲು ಪಕ್ಕದ ಮನೆಯ ಹುಡುಗನನ್ನು ಕರೆದು, ಅವನ ಕೈಗೆ ಪಿನ್ ಹೇಳಿ ಕಟ್ಟಿಸಿದೆ. 9 ವರ್ಷ ನಾನೇ ಕಟ್ಟುತ್ತಿದ್ದದ್ದು. ಪಿನ್ ಹೇಳುವಾಗ ಎಷ್ಟು ಬೇಸರ ಆಯಿತು ಅಂತ ಬರೆಯಲು ಬರುವುದಿಲ್ಲ.

ಬಹುಮತದಲ್ಲಿ ನಾವು ಯಾವತ್ತೂ ಇರುವುದಿಲ್ಲ. ಅದಕ್ಕೇ ಕೆಲವು ವಿಷಯಗಳನ್ನು ವೋಟಿಗೆ ಹಾಕಲೇಬಾರದು.

ಗೋಳಿಬಜೆ · ಮಂಗಳವಾರ ಬೆಳಿಗ್ಗೆ 10.20

ಇದು ಓದಿ ನಿಜವಾಗಿಯೂ ಬೇಜಾರಾಯಿತು. ನಾನು ನಿನ್ನೆ ಹೇಳಿದ್ದನ್ನು ಸ್ವಲ್ಪ ಬದಲಿಸುತ್ತೇನೆ. ಏಜೆಂಟರ ಮಾತು ಕೇಳಿ, ಆದರೆ ಅವರದ್ದು ಮಾತ್ರ ಅಲ್ಲ.

ಸಂತೆಕಟ್ಟೆ_ಪಿಗ್ಮಿ · ಮಂಗಳವಾರ ಮಧ್ಯಾಹ್ನ 2.30

ಎಲ್ಲರೂ ಏಜೆಂಟರ ಬಗ್ಗೆ ಮಾತಾಡುತ್ತಿದ್ದೀರಿ. ನಾನೇ ಏಜೆಂಟ್. 14 ವರ್ಷ ಆಯಿತು. ಬೇರೆ ಸೊಸೈಟಿ, ಆದರೆ ನಮ್ಮ ಆ್ಯಪಿನಲ್ಲೂ ಇಂಥದ್ದೇ ಎರಡನೇ ಸ್ಕ್ರೀನ್ ಉಂಟು. ನನಗೆ ಪೋಲ್ ಬಂದಿದ್ದರೆ ಯೋಚನೆಯೇ ಮಾಡದೆ ಬೇಡ ಅನ್ನುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ದಿನಕ್ಕೆ ನನಗೆ 140 ಕಡೆ ಹೋಗಲಿಕ್ಕುಂಟು. ಎಡಗೈಯಲ್ಲಿ ಕೊಡೆ, ಹೆಗಲಲ್ಲಿ ದುಡ್ಡಿನ ಬ್ಯಾಗು, ಬಲಗೈಯಲ್ಲಿ ಫೋನು. ಮಳೆಗಾಲದಲ್ಲಿ ಫೋನು ಪ್ಲಾಸ್ಟಿಕ್ ಕವರಿನೊಳಗೆ. ಮಾರ್ಚ್ ಬಿಸಿಲಿನಲ್ಲಿ ಸ್ಕ್ರೀನ್ ಎಷ್ಟು ಬೆಳಕು ಮಾಡಿದರೂ ಕಪ್ಪು ಕನ್ನಡಿಯ ಹಾಗೆ ನನ್ನ ಮುಖವೇ ಕಾಣುವುದು. ಸೇವ್ ಬಟನ್ ಎಲ್ಲಿದೆಯೋ 'ಸರಿ' ಬಟನ್ನೂ ಅಲ್ಲೇ. ಹೆಬ್ಬೆರಳು ಟಕ್ ಟಕ್ ಅಂತ ಎರಡು ಸಲ ತಾನಾಗಿ ಒತ್ತುತ್ತದೆ. ನಾನು ಆ ಸ್ಕ್ರೀನ್ ಓದಿದ್ದೇ ನೆನಪಿಲ್ಲ.

ಹೋದ ವರ್ಷ ಒಂದು ಕಡೆ 500ಕ್ಕೆ 5000 ಬಿತ್ತು. ಎರಡನೇ ಸ್ಕ್ರೀನ್ ಇತ್ತು, ಹೆಬ್ಬೆರಳು ಒತ್ತಿ ಆಗಿತ್ತು. ಸಂಜೆ 4500 ರೂಪಾಯಿ ಕಮ್ಮಿ. ಆ ಅಂಗಡಿಯವರು ಊರಿಗೆ ಹೋಗಿದ್ದರು, ಅವರು ಬಂದು ಸಹಿ ಹಾಕದೆ ಎಂಟ್ರಿ ತಿದ್ದುವಂತಿಲ್ಲ. ಅಲ್ಲಿಯ ತನಕ ನನ್ನ ಕೈಯಿಂದ ತುಂಬಿಸಿದರು. ಎಂಟು ದಿನ. ಮಗಳ ಕಾಲೇಜು ಫೀಸಿಗೆ ತೆಗೆದಿಟ್ಟ ದುಡ್ಡು ಅದು.

ಹಾಗಾಗಿ ಕೋಡು ಅಣ್ಣ, ನಿಮ್ಮ ಸ್ಕ್ರೀನ್ ನಮ್ಮನ್ನು ಕಾಪಾಡುತ್ತದೆ ಅಂತ ನೀವು ತಿಳಿದಿದ್ದೀರಿ. ಕಾಪಾಡುವುದಿಲ್ಲ.

ಹಂಪನಕಟ್ಟೆ_ಹಳಬ · ಮಂಗಳವಾರ ಮಧ್ಯಾಹ್ನ 3.10

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. 2020ರಲ್ಲಿ ಅಮೆರಿಕದ ಸಿಟಿಬ್ಯಾಂಕ್‌ನಲ್ಲಿ ಹೀಗೇ ಆಯಿತು. 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು, ಸುಮಾರು 90 ಕೋಟಿ ಡಾಲರ್ ಹೋಯಿತು. ಮೂರು ಜನ ನೋಡಿ ಒಪ್ಪಿದ ಮೇಲೆಯೇ ಹೋದದ್ದು. ಸ್ಕ್ರೀನಿನಲ್ಲಿ ಒಂದು ಟಿಕ್ ಸಾಕು ಅಂತ ಮೂವರೂ ತಿಳಿದಿದ್ದರು, ಮೂರು ಕಡೆ ಟಿಕ್ ಹಾಕಬೇಕಿತ್ತು. ಏಸಿ ರೂಮಿನಲ್ಲಿ ಕೂತ ಮೂವರಿಗೇ ಹೀಗೆ ಆದರೆ, ಕೊಡೆ ಹಿಡಿದು ನಿಂತ ಒಬ್ಬರಿಗೆ?

ಬಂದರು_ಬೀದಿ · ಮಂಗಳವಾರ ಮಧ್ಯಾಹ್ನ 3.25

ಅಂದರೆ ಪೋಲೇ ಸರಿ ಇತ್ತು ಅಂತಾಯಿತಲ್ಲ? ಬೇಡ ಅಂದರು, ಅದು ನಿಜವಾಗಿಯೂ ಬೇಡದ್ದೇ.

ಪೆಂಗ್ವಿನ್_ಕುಡ್ಲ · ಮಂಗಳವಾರ ಮಧ್ಯಾಹ್ನ 3.40

ಅರ್ಧ ಸರಿ. ತೆಗೆದ ಮೇಲೆ 5000 ಬೀಳುವುದು ನಿಲ್ಲುತ್ತದಾ? ಇಲ್ಲ. ಪೋಲ್ ಆ ಪ್ರಶ್ನೆಯನ್ನೇ ಕೇಳಲಿಲ್ಲ. ಕೋಡು, ಇಲ್ಲಿ ಕೂತು ಮಾತಾಡುವುದು ಸಾಕು. ಒಂದು ದಿನ ಯಾರ ಜೊತೆಯಾದರೂ ಹೋಗಿ. ತುಂಬಾ ಜನ ಬೇಕಾಗಿಲ್ಲ. ಐದು ಜನ ಬಳಸುವುದನ್ನು ಸರಿಯಾಗಿ ನೋಡಿದರೆ ಬಳಕೆಯ ತೊಂದರೆಗಳಲ್ಲಿ ಸುಮಾರು 85% ಕಾಣುತ್ತವೆ ಅಂತ ಈ ವಿಷಯದ ಪರಿಣತ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಆ ಲೆಕ್ಕದ ಬಗ್ಗೆ ತಕರಾರು ಉಂಟು. ಆದರೆ ಸುಮ್ಮನೆ ಕೇಳುವುದಕ್ಕಿಂತ ನಿಂತು ನೋಡುವುದು ಮೇಲು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಸುರತ್ಕಲ್_ಸಂಜೆ · ಮಂಗಳವಾರ ಸಂಜೆ 6.15

ವಿಷಯ ಬಿಟ್ಟು ಒಂದು ಮಾತು. ತುಳು ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ಕ್ಕೆ (ಕಂಪ್ಯೂಟರ್, ಫೋನುಗಳು ಬಳಸುವ ಅಕ್ಷರಗಳ ಪಟ್ಟಿ) ಸೇರಿತಲ್ಲ, ತುಳು-ತಿಗಳಾರಿ ಅನ್ನುವ ಹೆಸರಿನಲ್ಲಿ. ಅದಕ್ಕೂ ಸಹಿ ಸಂಗ್ರಹ ಮಾಡೋಣ ಅಂತ ಗ್ರೂಪುಗಳಲ್ಲಿ ಓಡಾಡುತ್ತಿತ್ತು. ಅದರಿಂದ ಏನಾದರೂ ಪ್ರಯೋಜನ ಆಯಿತಾ?

ಕೀಲಿಮಣೆ · ಮಂಗಳವಾರ ಸಂಜೆ 6.40

ಯೂನಿಕೋಡಿನವರಿಗೆ ಬೇಕಾದದ್ದು ಪುರಾವೆ. ಹಳೆಯ ತಾಳೆಗರಿಯಲ್ಲಿ ಈ ಅಕ್ಷರ ಎಲ್ಲಿ ಉಂಟು, ಹೇಗೆ ಕೂಡುತ್ತದೆ ಅಂತ ತೋರಿಸಬೇಕು. ಎಮೋಜಿಗೆ ಕೂಡ ಅಷ್ಟೇ, ಸಹಿ ಸಂಗ್ರಹವನ್ನು ಪುರಾವೆಯಾಗಿ ತಗೊಳ್ಳುವುದಿಲ್ಲ ಅಂತ ಅವರ ನಿಯಮದಲ್ಲೇ ಬರೆದಿದ್ದಾರೆ. ಆದರೆ ಸಹಿ ಹಾಕಿದವರ ಆಸೆಯನ್ನು ನಾನು ಸಣ್ಣದು ಅನ್ನುವುದಿಲ್ಲ. ಆಸೆ ಇದ್ದದ್ದರಿಂದಲೇ ಯಾರೋ ಕೂತು ತಾಳೆಗರಿ ಬಿಡಿಸಿದರು.

ಕಲ್ಸಂಕ_ಕೋಡು · ಬುಧವಾರ ರಾತ್ರಿ 8.50

ಇವತ್ತು ಹೋಗಿದ್ದೆ. ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರ ತನಕ, ಬೇಡ ಅಂತ ವೋಟು ಹಾಕಿದ ಒಬ್ಬರ ಜೊತೆ. ಮೊದಲು ಮಲ್ಪೆ ಬಂದರು, ಆಮೇಲೆ ಪೇಟೆ.

ಸಂತೆಕಟ್ಟೆ ಅಕ್ಕ ಹೇಳಿದ್ದು ಅಕ್ಷರ ಅಕ್ಷರ ನಿಜ. ಮೊದಲ 40 ಎಂಟ್ರಿಯಲ್ಲಿ ಒಮ್ಮೆಯೂ ಅವರು ಎರಡನೇ ಸ್ಕ್ರೀನ್ ನೋಡಲಿಲ್ಲ. ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸೊಬ್ಬರು ದುಡ್ಡು ಕೊಟ್ಟರು. ನೋಟು ಒದ್ದೆ, ನೋಟಿಗೆ ಬಂಗುಡೆಯ ಸಿಪ್ಪೆ ಅಂಟಿತ್ತು. ಏಜೆಂಟರು ನೋಟನ್ನು ಅಂಗಿಗೆ ಒರೆಸಿದರು, ಅದೇ ಬೆರಳಿನಲ್ಲಿ ಫೋನ್ ಒತ್ತಿದರು. ಸ್ಕ್ರೀನಿಗೆ ಒದ್ದೆ ಬೆರಳು ಹಿಡಿಯಲಿಲ್ಲ. ಮತ್ತೆ ಒತ್ತಿದರು, ಮತ್ತೆ. ಸೊನ್ನೆ ಎರಡು ಸಲ ಬಿತ್ತು, ಅಳಿಸಿದರು. ತಪ್ಪು ಹುಟ್ಟುವ ಜಾಗ ಅದು. ನನ್ನ ಸಂಖ್ಯೆಯ ಬಟನ್‌ಗಳು ಆ ಬೆರಳಿಗೆ ತೀರಾ ಚಿಕ್ಕವು.

ನನಗೆ ಒಂದು ಉಪಾಯ ಹೊಳೆಯಿತು. ಅಂಗಡಿಗಳಲ್ಲಿ ಸೌಂಡ್‌ಬಾಕ್ಸ್ ಮೊತ್ತ ಹೇಳುತ್ತದಲ್ಲ, ಹಾಗೆ ಫೋನೇ ಗಟ್ಟಿಯಾಗಿ ಹೇಳಲಿ. 100 ಮತ್ತು 1000ಕ್ಕೆ ಕಣ್ಣಿನಲ್ಲಿ ಒಂದು ಸೊನ್ನೆಯ ವ್ಯತ್ಯಾಸ. ಕಿವಿಗೆ 'ನೂರು' ಎಲ್ಲಿ, 'ಸಾವಿರ' ಎಲ್ಲಿ! ತುಳುವಿನಲ್ಲಿ ಬೇಕಾದರೆ 'ನೂದು', 'ಸಾರ'. ಗ್ರಾಹಕರಿಗೂ ಕೇಳುತ್ತದೆ, ಲೆಡ್ಜರ್ ಮಾಮ್ ಹೇಳಿದ ಹಾಗೆ ಪರೀಕ್ಷೆ ಅವರ ಕೈಗೇ ಹೋಗುತ್ತದೆ.

ಕಿವಿಯೇ_ಕಣ್ಣು · ಬುಧವಾರ ರಾತ್ರಿ 9.00

ಇದನ್ನು ಓದಿ ತುಂಬಾ ಖುಷಿಯಾಯಿತು.

ಮಲ್ಪೆ_ಮಂಜುಗಡ್ಡೆ · ಬುಧವಾರ ರಾತ್ರಿ 9.20

ಖುಷಿಗೆ ಅಡ್ಡ ಬರುವುದಕ್ಕೆ ಬೇಸರ ಉಂಟು, ಆದರೂ ಹೇಳಲೇಬೇಕು. ಗಟ್ಟಿಯಾಗಿ ಹೇಳಬೇಡಿ.

ನನ್ನ ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಮಾರಿದವರು. ಪಿಗ್ಮಿ ಕಟ್ಟುತ್ತಿದ್ದರು. ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆ ದುಡ್ಡು ಸಂಜೆಗೆ ಖಾಲಿ. ಅಕ್ಕನ ಮದುವೆ ಆದದ್ದು ಆ ದುಡ್ಡಿನಲ್ಲಿ. ಬಂದರಿನಲ್ಲಿ ಇವತ್ತಿಗೂ ಅಂಥ ಹೆಂಗಸರು ತುಂಬಾ ಜನ ಇದ್ದಾರೆ. ಏಜೆಂಟರು ಅವರ ಹತ್ತಿರ ಪಿಸುಮಾತಿನಲ್ಲೇ ಮಾತಾಡುವುದು. ಅಲ್ಲಿ ಫೋನು ಎದ್ದು 'ಇನ್ನೂರು ರೂಪಾಯಿ ಜಮಾ' ಅಂತ ಕೂಗಿದರೆ ಏನಾಗುತ್ತದೆ ಯೋಚನೆ ಮಾಡಿ.

ತೆಂಕಪೇಟೆ_ಲೆಡ್ಜರ್ · ಬುಧವಾರ ರಾತ್ರಿ 9.31

ಹೌದು. ನನಗೆ ಇದು ಮೊದಲೇ ನೆನಪಾಗಬೇಕಿತ್ತು. ಕಾರ್ಡನ್ನೂ ಮನೆಗೆ ಒಯ್ಯದೆ ಏಜೆಂಟರ ಹತ್ತಿರವೇ ಬಿಡುತ್ತಿದ್ದವರು ಇದ್ದರು.

ಸಂತೆಕಟ್ಟೆ_ಪಿಗ್ಮಿ · ಬುಧವಾರ ರಾತ್ರಿ 9.55

ಕೋಡು ಅಣ್ಣ, ಇಷ್ಟೆಲ್ಲ ಕಷ್ಟ ಯಾಕೆ? ಪಿಗ್ಮಿ ಕಟ್ಟುವವರು ಹೆಚ್ಚಾಗಿ ದಿನಾ ಒಂದೇ ಮೊತ್ತ ಕಟ್ಟುವುದು ಅಲ್ವಾ? 100 ಕಟ್ಟುವವರು ನಾಳೆಯೂ 100, ನಾಡಿದ್ದೂ 100. ನನ್ನ 140ರಲ್ಲಿ 120 ಜನ ಹಾಗೆಯೇ. ದಿನಾ ಕಟ್ಟುವ ಮೊತ್ತವೇ ಬಂದರೆ ಫೋನು ಏನೂ ಕೇಳದೆ ಸೇವ್ ಮಾಡಲಿ. ಬೇರೆ ಮೊತ್ತ ಬಂದರೆ ಮಾತ್ರ ನಿಲ್ಲಿಸಲಿ. ಆಗ ಬಟನ್ ಬೇರೆ ಜಾಗದಲ್ಲಿ ಇರಲಿ, ನನ್ನ ಹೆಬ್ಬೆರಳು ಎಚ್ಚರ ಆಗುತ್ತದೆ.

ಪೆಂಗ್ವಿನ್_ಕುಡ್ಲ · ಬುಧವಾರ ರಾತ್ರಿ 10.02

ಅಕ್ಕ, ನಾನು 12 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನಗೆ ಇದು ಹೊಳೆಯಲಿಲ್ಲ.

ಬಂದರು_ಬೀದಿ · ಬುಧವಾರ ರಾತ್ರಿ 10.10

ನಾನೂ ಸೋತೆ. ಗಟ್ಟಿ ನಿಲ್ಲಿ ಅಂದಿದ್ದೆ, ನಿಂತಿದ್ದರೆ ತಪ್ಪಾಗುತ್ತಿತ್ತು.

ಕಲ್ಸಂಕ_ಕೋಡು · ಶುಕ್ರವಾರ ಸಂಜೆ 7.20

ಮಾಡಿದ್ದನ್ನು ಹೇಳಬೇಕಲ್ಲ.

ಎರಡನೇ ಸ್ಕ್ರೀನ್ ತೆಗೆದೆ. ದಿನಾ ಕಟ್ಟುವ ಮೊತ್ತ ಒಂದು ದೊಡ್ಡ ಬಟನ್ ಆಗಿ ಮೊದಲೇ ಬರುತ್ತದೆ, ಒಂದು ಒತ್ತಿದರೆ ಮುಗಿಯಿತು. ಒದ್ದೆ ಬೆರಳಿಗೂ ಹಿಡಿಯುತ್ತದೆ. ಬೇರೆ ಮೊತ್ತ ಹೊಡೆದರೆ ಫೋನು ನಡುಗುತ್ತದೆ, 'ದಿನಾ 100, ಇವತ್ತು 1000' ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಒಪ್ಪುವ ಬಟನ್ ಮೇಲ್ಗಡೆ ಉಂಟು. ಧ್ವನಿ ಬೇಕು ಅಂತ ಗ್ರಾಹಕರು ಹೇಳಿದ ಖಾತೆಗೆ ಮಾತ್ರ ಧ್ವನಿ. ಎಲ್ಲ ಬಟನ್‌ಗೂ ಟಾಕ್‌ಬ್ಯಾಕ್ ಓದುವ ಹೆಸರು ಬರೆದೆ. ಎಂಟು ಬಟನ್ನಿಗೆ ಹೆಸರೇ ಇರಲಿಲ್ಲ.

ಮ್ಯಾನೇಜರಿಗೆ ತೋರಿಸುವ ಮೊದಲು ಆ 4 ಜನಕ್ಕೆ ಫೋನು ಮಾಡಿದೆ. ಬೇಕು ಅಂದವರಿಗೆ. ಒಬ್ಬರು ಎತ್ತಲಿಲ್ಲ. ಮೂವರೂ ಹೊಸಬರು, ಸೇರಿ ಮೂರು ತಿಂಗಳೂ ಆಗಿಲ್ಲ. ಅವರಲ್ಲಿ ಒಬ್ಬ ಹುಡುಗ ಹೇಳಿದ, "ಸರ್, ಆ ಸ್ಕ್ರೀನಿನಲ್ಲಿ ಗ್ರಾಹಕರ ಹೆಸರು ಬರುತ್ತದಲ್ಲ, ಅದನ್ನು ನೋಡಿಯೇ ನಾನು ಅವರನ್ನು ಹೆಸರು ಹಿಡಿದು ಮಾತಾಡಿಸುವುದು. ಹೆಸರು ಗೊತ್ತಿಲ್ಲದೆ ದುಡ್ಡು ಕೇಳಲು ನಾಚಿಕೆ ಆಗುತ್ತದೆ."

ಮೊತ್ತದ ವಿಷಯವೇ ಅಲ್ಲ! ಈಗ ಹೆಸರನ್ನು ಮೊದಲ ಸ್ಕ್ರೀನಿನ ಮೇಲೆಯೇ ದೊಡ್ಡದಾಗಿ ಹಾಕಿದೆ.

ಸಂತೆಕಟ್ಟೆ_ಪಿಗ್ಮಿ · ಶುಕ್ರವಾರ ಸಂಜೆ 7.45

ಆ ಹುಡುಗನಿಗೆ ಹೇಳಿ, ನಾನೂ ಮೊದಲ ವರ್ಷ ಹೆಸರುಗಳನ್ನು ಕೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಹೋಗುತ್ತಿದ್ದೆ ಅಂತ.

ಮಲ್ಪೆ_ಮಂಜುಗಡ್ಡೆ · ಶುಕ್ರವಾರ ಸಂಜೆ 8.05

ನಿಮ್ಮ ಆ್ಯಪಿನಲ್ಲೂ ಬಾಕಿ ಅಂತ ಕೆಂಪು ಬರುತ್ತದಾ ಅಣ್ಣ? ಜೂನ್ 1ಕ್ಕೆ ಇನ್ನು ಜಾಸ್ತಿ ದಿನ ಇಲ್ಲ.

ಕಲ್ಸಂಕ_ಕೋಡು · ಶುಕ್ರವಾರ ಸಂಜೆ 8.12

ಬರುತ್ತದೆ. ನಾಳೆ ಬೆಳಿಗ್ಗೆ 7ಕ್ಕೆ ಬಂದರಿಗೆ ಬರುತ್ತೇನೆ, ಐಸ್ ಪ್ಲಾಂಟ್ ಹತ್ತಿರ ಸಿಗಿ. ಕಟ್ಟುವವರು ಇನ್ನೂ ನಾಲ್ಕು ಜನ ಇದ್ದರೆ ಅವರನ್ನೂ ಕರೆಯಿರಿ.